ಬಾದಾಮಿಯ ಗದ್ದುಗೆ ಕೈಬದಲಾದ ಬಗೆ: ಅಧಿಕಾರ ಕಬಳಿಕೆಯ ಮುಖ್ಯಾಂಶಗಳು

ಇತಿಹಾಸ ಪತ್ರಿಕೆಗೆ ಓದುವವರು ಬಾದಾಮಿ ಚಾಲುಕ್ಯರ ವಂಶಾವಳಿಯನ್ನು ಬಾಯಿಪಾಠ ಮಾಡುತ್ತಾರೆ. ರಾಜ್ಯಶಾಸ್ತ್ರಕ್ಕೆ ಓದುವವರು ಸರ್ವಾಧಿಕಾರದ ಪಾಠವನ್ನು ಮುಸೊಲಿನಿ, ಹಿಟ್ಲರ್‌ರಿಂದ ಶುರು ಮಾಡುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಒಂದು ಇನ್ನೊಂದನ್ನು ಬಿಡಿಸಿ ಹೇಳುತ್ತದೆ. ಬಾದಾಮಿಯ ಬಂಡೆ, ಮಹಾಕೂಟದ ಕಂಬ, ಹುನಗುಂದ ತಾಲ್ಲೂಕಿನ ಐಹೊಳೆಯ ಗುಡಿಯ ಗೋಡೆ ಮೂರರಲ್ಲೂ ಅಧಿಕಾರ ಒಬ್ಬನ ಕೈಗೆ ಹೇಗೆ ಹೋಯಿತೆಂಬ ಸಾಕ್ಷ್ಯ ಇದೆ. ಬಾಗಲಕೋಟೆ, ಇಳಕಲ್ಲಿನಲ್ಲಿ ಕುಳಿತು ಪರೀಕ್ಷೆಗೆ ಓದುವವರಿಗೆ ಈ ಜಾಗಗಳು ಹತ್ತಿರದವೇ. ಒಮ್ಮೆ ಹೋಗಿ ನೋಡಿದವರಿಗೆ ಇಸವಿಗಳು ಮರೆಯುವುದಿಲ್ಲ.

ಈ ಟಿಪ್ಪಣಿಯಲ್ಲಿ ಹಿಡಿಯಬೇಕಾದ ಎಳೆ ಒಂದೇ: ಇಲ್ಲಿ ಗದ್ದುಗೆ ಕಸಿದವರೆಲ್ಲ ಅದಕ್ಕೆ ಮೊದಲೇ ಆಡಳಿತದೊಳಗೆ ಇದ್ದವರು. ಇಬ್ಬರು ತಮ್ಮಂದಿರು, ಒಬ್ಬ ಅಣ್ಣನ ಮಗ, ಉಳಿದವರು ಸಾಮಂತರು. ಯಾರೋ ಕೊಟ್ಟ ಪಾಲು ಕೈಯಲ್ಲಿತ್ತು, ಅದನ್ನೇ ಇಡಿಯಾಗಿ ಮಾಡಿಕೊಂಡರು.

ಉತ್ತರ ಬರೆಯುವಾಗ ಒಂದು ಎಚ್ಚರ ಬೇಕು. ಪ್ರಾಚೀನ ಅರಸನನ್ನು ಸರ್ವಾಧಿಕಾರಿ ಎಂದು ಬರೆಯಬೇಡಿ. ಅರಸೊತ್ತಿಗೆಗೆ ವಂಶ, ಪಟ್ಟಾಭಿಷೇಕ, ಧರ್ಮಶಾಸ್ತ್ರಗಳ ಆಧಾರ ಇರುತ್ತಿತ್ತು. ಸರ್ವಾಧಿಕಾರ ಎಂದರೆ ಕಾನೂನಿನ ಮಿತಿಯನ್ನು ಕಿತ್ತು ಒಬ್ಬನೇ ಆಳುವುದು. ಇಲ್ಲಿ ಹೋಲಿಸುತ್ತಿರುವುದು ಅಧಿಕಾರಕ್ಕೆ ಏರಿದ ದಾರಿಯನ್ನು ಮಾತ್ರ.

ಮೊದಲ ಮೆಟ್ಟಿಲು: 543

• ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಗಲ್ಲು ಶಾಸನ: ಶಕ 465, ಅಂದರೆ ಕ್ರಿ.ಶ. 543. ಭಾಷೆ ಸಂಸ್ಕೃತ.

• ವಿಷಯ: ವಾತಾಪಿಯ (ಇಂದಿನ ಬಾದಾಮಿ) ಬೆಟ್ಟವನ್ನು ಕೋಟೆಯಾಗಿ ಮಾಡಿದ್ದು, ಅಶ್ವಮೇಧವೇ ಮೊದಲಾದ ಯಜ್ಞಗಳನ್ನು ನಡೆಸಿದ್ದು.

• ತಂದೆ ರಣರಾಗ, ತಾತ ಜಯಸಿಂಹ. ಇವರಿಬ್ಬರ ಕಾಲದಲ್ಲಿ ಸ್ವತಂತ್ರ ರಾಜ್ಯ ಇರಲಿಲ್ಲ; ಬನವಾಸಿಯ ಕದಂಬರ ಅಧೀನದಲ್ಲಿದ್ದರು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಕೋಟೆ ಮತ್ತು ಯಜ್ಞ, ಎರಡನ್ನೂ ಸೇರಿಸಿ ನೆನಪಿಡಿ. ಕೋಟೆ ಕಟ್ಟಿದರೆ ಶತ್ರು ದೂರ ಇರುತ್ತಾನೆ. ಅಶ್ವಮೇಧ ಮಾಡಿದರೆ ನಿನ್ನೆಯವರೆಗೆ ಅಧೀನನಾಗಿದ್ದವನನ್ನು ಜನ ಅರಸನೆಂದು ಒಪ್ಪುತ್ತಾರೆ. ಬಲದ ಜೊತೆಗೆ ಒಪ್ಪಿಗೆಯನ್ನೂ ಗಳಿಸಬೇಕೆಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಮಂಗಳೇಶ: ಅಣ್ಣನ ಹೆಸರಿನಲ್ಲಿ ಗುಹೆ, ಮಗನ ಹೆಸರಿನಲ್ಲಿ ಆಸೆ

ಒಂದನೆಯ ಪುಲಕೇಶಿಯ ನಂತರ ಆಳಿದವನು ಮಗ ಒಂದನೆಯ ಕೀರ್ತಿವರ್ಮ. ನಳರು, ಕೊಂಕಣದ ಮೌರ್ಯರು, ಬನವಾಸಿಯ ಕದಂಬರು, ಈ ಮೂವರನ್ನೂ ಸೋಲಿಸಿದವನು ಇವನೇ. ಅವನ ತಮ್ಮ ಮಂಗಳೇಶ.

ಬಾದಾಮಿಯ ಮೂರನೆಯ ಗುಹೆಗೆ ಹೋದವರು ವಿಷ್ಣುವಿನ ದೊಡ್ಡ ಮೂರ್ತಿಗಳನ್ನು ನೋಡಿ ಹಿಂತಿರುಗುತ್ತಾರೆ. ಅಲ್ಲಿನ ಶಾಸನದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಶಕ ವರ್ಷ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ. ಗುಹೆ ಕೊರೆಸಿದವನು ಮಂಗಳೇಶ. ಆದರೆ ಅದರ ಪುಣ್ಯ ಅಣ್ಣನಿಗೆ ಸೇರಲಿ, ಅಣ್ಣನ ಸೇವೆಯ ಫಲ ಮಾತ್ರ ತನಗಿರಲಿ ಎಂಬ ಭಾವದಲ್ಲಿ ಬರೆಸಿದ್ದಾನೆ. ದೇಶದಲ್ಲಿ ಕಾಲ ನಮೂದಾಗಿರುವ ಹಳೆಯ ಹಿಂದೂ ಗುಹಾದೇವಾಲಯಗಳಲ್ಲಿ ಇದು ಮುಖ್ಯವಾದದ್ದು. 578ರಿಂದ ಹಿಂದಕ್ಕೆ ಎಣಿಸಿದರೆ ಕೀರ್ತಿವರ್ಮನ ಪಟ್ಟ 566-67ಕ್ಕೆ ಬರುತ್ತದೆ. ಪುಸ್ತಕಗಳಲ್ಲಿ ಕಾಣುವ ಇಸವಿ ಬಂದದ್ದು ಈ ಲೆಕ್ಕದಿಂದ.

ಹೀಗೆ ಬರೆಸಿದ ತಮ್ಮನೇ ಮುಂದೆ ಅಣ್ಣನ ಮಗನನ್ನು ಬದಿಗೆ ಸರಿಸಿದ. 578ರಲ್ಲೇ ಅವನ ಮನಸ್ಸಿನಲ್ಲಿ ಕಪಟ ಇತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಬದಲಾದದ್ದು ಪರಿಸ್ಥಿತಿ: ಅಣ್ಣ ತೀರಿಕೊಂಡ, ಅವನ ಮಕ್ಕಳು ಇನ್ನೂ ಚಿಕ್ಕವರು, ಅಧಿಕಾರ ಮಂಗಳೇಶನ ಕೈಯಲ್ಲಿ.

• ಮಹಾಕೂಟ ಸ್ತಂಭ ಶಾಸನ: ಮಂಗಳೇಶನ ಆಳ್ವಿಕೆಯ 5ನೆಯ ವರ್ಷ, ಸಾಮಾನ್ಯವಾಗಿ ಕ್ರಿ.ಶ. 602 ಎಂದು ಕೊಡುತ್ತಾರೆ. ಹಾಗಾದರೆ ಪಟ್ಟ 597ರ ಸುಮಾರಿಗೆ. ಬೇರೆ ಲೆಕ್ಕ ಹಿಡಿದವರು 592 ಎನ್ನುತ್ತಾರೆ. ಆಯ್ಕೆಯಲ್ಲಿ ಯಾವುದಿದೆಯೋ ನೋಡಿ ಉತ್ತರಿಸಿ.

• ಅದೇ ಶಾಸನದಲ್ಲಿ ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರು, ಮಕುಟೇಶ್ವರನಿಗೆ ಹಳ್ಳಿಗಳ ದತ್ತಿ, ಕಳಚುರಿ ಬುದ್ಧರಾಜನ ಮೇಲಿನ ಜಯ.

• ಈ ಕಂಬ ಈಗ ಮಹಾಕೂಟದಲ್ಲಿಲ್ಲ. ವಿಜಯಪುರದ ಗೋಳಗುಮ್ಮಟ ಆವರಣದ ವಸ್ತುಸಂಗ್ರಹಾಲಯದಲ್ಲಿದೆ.

• ನೇರೂರು ತಾಮ್ರಪಟ: ಬುದ್ಧರಾಜನ ಸೋಲು, ಚಾಲುಕ್ಯ ಮನೆತನದವನೇ ಆದ ಸ್ವಾಮಿರಾಜನ ವಧೆ.

• ರೇವತೀದ್ವೀಪ, ಅಂದರೆ ಕೊಂಕಣ ತೀರದ ಇಂದಿನ ರೇಡಿ, ಗೆದ್ದ ಕೀರ್ತಿಯೂ ಮಂಗಳೇಶನದೇ.

ಇಷ್ಟನ್ನು ನೋಡಿದರೆ ಅವನು ಕೈಲಾಗದವನೇನಲ್ಲ. ಯುದ್ಧ ಗೆದ್ದವನು, ರಾಜ್ಯ ಬೆಳೆಸಿದವನು. ತನ್ನ ನಂತರ ಗದ್ದುಗೆ ತನ್ನ ಮಗನಿಗೇ ಹೋಗಬೇಕೆಂದು ಹಟ ಹಿಡಿದಾಗ ಕೆಟ್ಟ. ಆಳುವ ಹೊಣೆ ಅವನಿಗೆ ಬಂದದ್ದು ಅಣ್ಣನ ವಂಶದ ಪರವಾಗಿ. ಅದನ್ನು ಸ್ವಂತ ಆಸ್ತಿಯಂತೆ ಮಗನಿಗೆ ಬರೆದುಕೊಡಲು ಹೊರಟ. ಪರೀಕ್ಷೆಯಲ್ಲಿ ಕಾರಣ ಕೇಳಿದರೆ ಈ ವಾಕ್ಯ ಬರೆಯಿರಿ.

ಎರೆಯನಿಂದ ಇಮ್ಮಡಿ ಪುಲಕೇಶಿಗೆ

ಇಮ್ಮಡಿ ಪುಲಕೇಶಿ ಕೀರ್ತಿವರ್ಮನ ಮಗ, ಅವನ ಮೊದಲ ಹೆಸರು ಎರೆಯ. ಚಿಕ್ಕಪ್ಪನ ಅಸೂಯೆ ಕಂಡು ರಾಜಧಾನಿ ಬಿಟ್ಟು ಹೊರಟ. ಆಂಧ್ರದ ಅನಂತಪುರ ಪ್ರದೇಶದ ಪೆದ್ದವಡುಗೂರು ಶಾಸನದಲ್ಲಿ ಅವನು ರಣವಿಕ್ರಮನನ್ನು ಸೋಲಿಸಿದ ಮಾತಿದೆ, ಎಳ್ಪತ್ತು ಸಿಂಬಿಗೆ ಎಂಬ ಊರಿನ ಹೆಸರಿದೆ. ರಣವಿಕ್ರಮ ಮಂಗಳೇಶನ ಬಿರುದು. ಹಾಗಾಗಿ ಬಾಣರ ಸೀಮೆಯಲ್ಲಿ ಸೈನ್ಯ ಕಟ್ಟಿ, ಅಲ್ಲೇ ಚಿಕ್ಕಪ್ಪನನ್ನು ಎದುರಿಸಿದ ಎಂದು ವಿದ್ವಾಂಸರು ಊಹಿಸುತ್ತಾರೆ. ಮಂಗಳೇಶ ರಾಜ್ಯದ ಜೊತೆ ಪ್ರಾಣವನ್ನೂ ಕಳೆದುಕೊಂಡ.

• ಹೈದರಾಬಾದ್ ತಾಮ್ರಪಟ: ಶಕ 534 (ಕ್ರಿ.ಶ. 612-13), ಇಮ್ಮಡಿ ಪುಲಕೇಶಿಯ 3ನೆಯ ವರ್ಷ. ಪಟ್ಟ 610ರ ಸುಮಾರಿಗೆ ಎಂಬುದಕ್ಕೆ ಇದೇ ಆಧಾರ.

• ಒಳಜಗಳದ ಬೆನ್ನಿಗೇ ದಂಗೆ: ಆಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಭೀಮಾ ನದಿಯ ಉತ್ತರದ ಸೀಮೆಯಲ್ಲಿ ಎದ್ದರು. ಆಪ್ಪಾಯಿಕ ಓಡಿಹೋದ, ಗೋವಿಂದ ಶರಣಾಗಿ ಉಪಕಾರ ಪಡೆದ.

• ಆಮೇಲಿನ ದಿಗ್ವಿಜಯಗಳು: ಕದಂಬ, ಗಂಗ, ಆಳುಪ, ಕೊಂಕಣ ಮೌರ್ಯ, ಲಾಟ, ಮಾಳವ, ಗುರ್ಜರ, ನರ್ಮದೆಯ ಕಡೆ ಹರ್ಷವರ್ಧನ, ಪೂರ್ವದಲ್ಲಿ ಕೋಸಲ, ಕಳಿಂಗ, ಪಿಷ್ಟಪುರ, ದಕ್ಷಿಣದಲ್ಲಿ ಪಲ್ಲವ.

• ವೆಂಗಿಯ ಆಡಳಿತ ತಮ್ಮ ಕುಬ್ಜ ವಿಷ್ಣುವರ್ಧನನಿಗೆ. ಮುಂದೆ ಅದೇ ಪೂರ್ವ ಚಾಲುಕ್ಯ ಶಾಖೆ.

ಇಬ್ಬರು ದಂಗೆಕೋರರಿಗೆ ಎರಡು ಬಗೆಯ ಉತ್ತರ ಕೊಟ್ಟದ್ದನ್ನು ಗಮನಿಸಿ. ಒಬ್ಬನನ್ನು ಓಡಿಸಿದ, ಇನ್ನೊಬ್ಬನನ್ನು ಒಲಿಸಿಕೊಂಡ. ಕಿತ್ತುಕೊಂಡ ಗದ್ದುಗೆ ಭದ್ರವಾದದ್ದು ಹೀಗೆ. ತಮ್ಮನನ್ನು ವೆಂಗಿಗೆ ಕಳಿಸಿದ್ದಕ್ಕೂ ಆಡಳಿತದ ಕಾರಣಗಳಿವೆ. ಆದರೂ ತಮ್ಮನೊಬ್ಬ ರಾಜಧಾನಿಯಲ್ಲೇ ಉಳಿದರೆ ಏನಾಗಬಹುದೆಂದು ಬಾಲ್ಯದಲ್ಲೇ ಕಂಡವನು ಅವನು ಎಂಬುದನ್ನು ನಾನು ಮರೆಯಲಾರೆ.

ಒಂದೇ ಘಟನೆ, ಮೂರು ಹೇಳಿಕೆ

ಈ ಭಾಗವನ್ನು ಎರಡು ಸಲ ಓದಿ. ವಿವರಣಾತ್ಮಕ ಉತ್ತರದಲ್ಲಿ ಇದನ್ನು ಬರೆಯುವವರು ಕಡಿಮೆ, ಆದರೆ ಅಧಿಕಾರದ ಚರಿತ್ರೆಯ ತಿರುಳು ಇರುವುದು ಇಲ್ಲೇ.

ಮೊದಲನೆಯದು ಐಹೊಳೆ ಶಾಸನ, ಶಕ 556, ಕ್ರಿ.ಶ. 634-35. ಮೇಗುತಿ ಬೆಟ್ಟ ಹತ್ತಿ ಜಿನಾಲಯವನ್ನು ಪೂರ್ವದ ಕಡೆಯಿಂದ ನೋಡಿದರೆ ಹೊರಗೋಡೆಯಲ್ಲಿ ಒಂದು ಚಪ್ಪಡಿ ಕಾಣುತ್ತದೆ. 19 ಸಾಲು, 37 ಶ್ಲೋಕ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಬರೆದವನು ರವಿಕೀರ್ತಿ, ಆ ಜಿನಾಲಯ ಕಟ್ಟಿಸಿದವನೂ ಅವನೇ. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿರುವುದರಿಂದ ಆ ಇಬ್ಬರ ಕಾಲ ನಿರ್ಣಯಕ್ಕೂ ಈ ಕಲ್ಲು ಆಧಾರ. ಇಲ್ಲಿ ಮಂಗಳೇಶ ಅಸೂಯೆಪಟ್ಟವನು, ಮಗನಿಗೆ ಪಟ್ಟ ಕಟ್ಟಲು ಹೋಗಿ ಎಲ್ಲವನ್ನೂ ಕಳೆದುಕೊಂಡವನು. ನೆನಪಿಡಬೇಕಾದದ್ದು: ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದವನು, ಬರೆದದ್ದು ಘಟನೆಯಾಗಿ ಸುಮಾರು 25 ವರ್ಷದ ಮೇಲೆ.

ಎರಡನೆಯದು ಮೌನ. ಮುಂದಿನ ಬಾದಾಮಿ ಅರಸರ ತಾಮ್ರಪಟಗಳ ವಂಶಾವಳಿ ಒಂದನೆಯ ಪುಲಕೇಶಿ, ಕೀರ್ತಿವರ್ಮ, ಇಮ್ಮಡಿ ಪುಲಕೇಶಿ ಎಂದು ನೇರ ಸಾಗುತ್ತದೆ. ಹತ್ತಿಪ್ಪತ್ತು ವರ್ಷ ಆಳಿದ ಮಂಗಳೇಶನ ಹೆಸರೇ ಇಲ್ಲ.

ಮೂರನೆಯದು ನಾನೂರು ವರ್ಷದ ನಂತರದ್ದು. ಕಲ್ಯಾಣ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕೌಥೇಂ ತಾಮ್ರಪಟ, ಕ್ರಿ.ಶ. 1009. ಅದರಲ್ಲಿ ಮಂಗಳೇಶ ಒಳ್ಳೆಯವನು: ಅಣ್ಣನ ಮಗ ಚಿಕ್ಕವನೆಂದು ರಾಜ್ಯಭಾರ ಹೊತ್ತು, ಅವನು ಪ್ರಾಯಕ್ಕೆ ಬಂದಾಗ ಒಪ್ಪಿಸಿದನಂತೆ. ಚಾಲುಕ್ಯ ವಂಶದವರು ಧರ್ಮ ತಪ್ಪುವವರಲ್ಲ ಎಂಬ ಹೊಗಳಿಕೆಯೂ ಜೊತೆಗಿದೆ.

ಒಂದು ಕಡೆ ಆರೋಪ, ಒಂದು ಕಡೆ ಮರೆವು, ಒಂದು ಕಡೆ ಮೆಚ್ಚುಗೆ. ನೆಲದ ಮೇಲೆ ನಡೆದ ಕದನ ಒಂದೇ. ಬರೆಸಿದ ಅರಸನಿಗೆ ಆಗ ಏನು ಬೇಕಿತ್ತೋ ಕಲ್ಲು, ತಾಮ್ರಗಳಲ್ಲಿ ಅದು ಬಂದಿದೆ. ಮಂಗಳೇಶನ ಪರವಾಗಿ ಅವನ ಕಾಲದವರು ಬರೆದ ಒಂದು ಸಾಲೂ ಈ ಜಗಳದ ಬಗ್ಗೆ ಉಳಿದಿಲ್ಲ. ಆದ್ದರಿಂದ ಅವನನ್ನು ಕೇವಲ ರಾಜ್ಯಾಪಹಾರಿ ಎಂದು ಬರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಸೋತವನ ಮಾತು ನಮಗೆ ಸಿಕ್ಕಿಲ್ಲ ಎಂದು ಒಂದು ವಾಕ್ಯ ಸೇರಿಸಿ. ಮೌಲ್ಯಮಾಪಕರು ಅಂಥ ಉತ್ತರವನ್ನು ಗುರುತಿಸುತ್ತಾರೆ.

ಸಾಮಂತರ ಸರದಿ

642ರಲ್ಲಿ ಪಲ್ಲವ ಒಂದನೆಯ ನರಸಿಂಹವರ್ಮ ಬಾದಾಮಿ ಹಿಡಿದು ವಾತಾಪಿಕೊಂಡ ಎನಿಸಿಕೊಂಡ. ಅವನ 13ನೆಯ ಆಳ್ವಿಕೆ ವರ್ಷದ ಶಾಸನ ಬಾದಾಮಿಯ ಬಂಡೆಯ ಮೇಲಿದೆ. ಚಾಲುಕ್ಯ ಒಂದನೆಯ ವಿಕ್ರಮಾದಿತ್ಯ 655ರ ಹೊತ್ತಿಗೆ ರಾಜ್ಯ ಮರಳಿ ಪಡೆದ. ಹೊರಗಿನಿಂದ ಬಂದ ಪಲ್ಲವರಿಗೆ ಬಾದಾಮಿಯಲ್ಲಿ ನೆಲೆಯೂರಲು ಆಗಲಿಲ್ಲ, ಹದಿಮೂರು ವರ್ಷದಲ್ಲಿ ಕಾಲು ಕಿತ್ತರು. ಚಾಲುಕ್ಯರನ್ನು ಶಾಶ್ವತವಾಗಿ ಇಳಿಸಿದವನು ಅವರದೇ ಸಾಮಂತ.

• ದಂತಿದುರ್ಗ, ರಾಷ್ಟ್ರಕೂಟ. ಸಾಮನಗಡ ತಾಮ್ರಪಟ ಶಕ 675, ಕ್ರಿ.ಶ. 753-54. ಕಂಚಿ, ಚೋಳ, ಪಾಂಡ್ಯ, ಹರ್ಷರನ್ನು ಗೆದ್ದಿದ್ದ ಕರ್ಣಾಟ ಬಲವನ್ನು ಕೆಲವೇ ಜನರೊಂದಿಗೆ ಸೋಲಿಸಿದೆ ಎಂಬ ಹೆಮ್ಮೆ ಅದರಲ್ಲಿದೆ.

• ಸೋತವನು ಇಮ್ಮಡಿ ಕೀರ್ತಿವರ್ಮ. ಆದರೆ ಅವನ ವಕ್ಕಲೇರಿ ತಾಮ್ರಪಟದ ಕಾಲ 757! 753ರಲ್ಲಿ ಎಲ್ಲ ಮುಗಿಯಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೆಲಸ ಪೂರ್ತಿ ಮಾಡಿದವನು ದಂತಿದುರ್ಗನ ಚಿಕ್ಕಪ್ಪ ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸ ದೇವಾಲಯದ ನಿರ್ಮಾಪಕ.

• 973: ತರ್ದವಾಡಿ ನಾಡಿನ ಸಾಮಂತ ಇಮ್ಮಡಿ ತೈಲಪ ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಇಳಿಸಿ ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿದ. ತರ್ದವಾಡಿ ಇಂದಿನ ವಿಜಯಪುರ ಜಿಲ್ಲೆಯ ಸೀಮೆ.

• 1076: ಸಾಮಂತರ ನಡುವೆ ಮತ್ತೊಬ್ಬ ತಮ್ಮ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಅಣ್ಣ ಇಮ್ಮಡಿ ಸೋಮೇಶ್ವರನನ್ನು ಇಳಿಸಿ ಚಾಲುಕ್ಯ ವಿಕ್ರಮ ಶಕೆ ಆರಂಭಿಸಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಆಸ್ಥಾನದಲ್ಲಿ ವಿಕ್ರಮಾಂಕದೇವಚರಿತ ಬರೆದು, ಅಣ್ಣನನ್ನು ಇಳಿಸಿದ್ದನ್ನು ಶಿವನ ಆಜ್ಞೆ ಎಂಬಂತೆ ಸಮರ್ಥಿಸಿದ. ರವಿಕೀರ್ತಿಯ ಜೊತೆಗಿಟ್ಟು ಓದಿ.

ಇದೇ ಸಾಲಿನಲ್ಲಿ ಕಳಚುರಿ ಬಿಜ್ಜಳ. ಮಂಗಳವೇಢೆಯ ಸಾಮಂತ, ಆ ಊರು ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಚಾಲುಕ್ಯ ಮೂರನೆಯ ತೈಲಪನನ್ನು ಕಾಕತೀಯ ಎರಡನೆಯ ಪ್ರೋಲ ಸೆರೆಹಿಡಿದು ಬಿಟ್ಟಿದ್ದ, ಅಂಥ ಅರಸನಿಗೆ ಮರ್ಯಾದೆ ಉಳಿದಿರಲಿಲ್ಲ. ಬಿಜ್ಜಳ 1157ರ ಹೊತ್ತಿಗೆ ತನ್ನ ಆಳ್ವಿಕೆ ವರ್ಷ ಎಣಿಸತೊಡಗಿದ, 1162ಕ್ಕೆ ಕಲ್ಯಾಣದಲ್ಲಿ ಸಾರ್ವಭೌಮ ಬಿರುದು ಧರಿಸಿ ನಿಂತ. ಒಂದೇ ದಿನದ ಕ್ಷಿಪ್ರಕ್ರಾಂತಿ ಇಲ್ಲಿ ನಡೆಯಲಿಲ್ಲ. ಐದಾರು ವರ್ಷ ಒಂದೊಂದೇ ಬಿರುದು, ಒಂದೊಂದೇ ಹಕ್ಕು. ಬಸವಣ್ಣನವರು ಭಂಡಾರಿಯಾಗಿದ್ದದ್ದು ಈ ಬಿಜ್ಜಳನ ಆಸ್ಥಾನದಲ್ಲಿ. ಅವರು ಓದಿ ಬೆಳೆದದ್ದೂ ಐಕ್ಯರಾದದ್ದೂ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಕೊನೆಗೊಂಡಿತು. 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ದಾರಿ

ಇಪ್ಪತ್ತನೆಯ ಶತಮಾನಕ್ಕೆ ಹೋಗುವ ಮೊದಲು ಪ್ರಾಚೀನ ರೋಮಿನ ಒಂದು ಮಾತು: ಅಲ್ಲಿ ಸರ್ವಾಧಿಕಾರಿ ಎಂಬುದು ಮೊದಲು ಕಾನೂನುಬದ್ಧ ಹುದ್ದೆಯೇ. ಆಪತ್ಕಾಲಕ್ಕೆ ನೇಮಕ, ಅವಧಿ ಹೆಚ್ಚೆಂದರೆ 6 ತಿಂಗಳು. ಕ್ರಿ.ಪೂ. 82ರಲ್ಲಿ ಸುಲ್ಲಾ ಅವಧಿಯ ಮಿತಿಯಿಲ್ಲದೆ ಆ ಹುದ್ದೆ ಹಿಡಿದ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಆಜೀವ ಸರ್ವಾಧಿಕಾರಿಯಾದ.

ಇಟಲಿ: 1922ರ ಅಕ್ಟೋಬರ್ 28ರ ರೋಮ್ ಮೇಲಿನ ನಡಿಗೆಯೇ ಮುಸೊಲಿನಿಯನ್ನು ಗದ್ದುಗೆಗೆ ಏರಿಸಿತೆಂದು ಬರೆಯುವುದುಂಟು. ಆದರೆ ಅವನನ್ನು ಪ್ರಧಾನಿ ಹುದ್ದೆಗೆ ಕರೆದವನು ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್. 1923ರ ಅಚೆರ್ಬೋ ಚುನಾವಣಾ ಕಾಯ್ದೆ, 1924ರ ಜೂನ್‌ನಲ್ಲಿ ಸಂಸದ ಮತ್ತೆಯೋತ್ತಿಯ ಕೊಲೆ, 1925ರ ಜನವರಿ 3ರ ಮುಸೊಲಿನಿಯ ಭಾಷಣ, ಇವು ಮುಂದಿನ ಮೆಟ್ಟಿಲು.

ಜರ್ಮನಿಯ ದಿನಾಂಕಗಳನ್ನು ಅನುಕ್ರಮವಾಗಿ ಕಲಿಯಿರಿ:

• 1932 ಜುಲೈ: ನಾಜಿ ಪಕ್ಷಕ್ಕೆ ಶೇ 37.3 ಮತ, 230 ಸ್ಥಾನ. ನವೆಂಬರ್: ಶೇ 33.1, 196 ಸ್ಥಾನ. ಮತ ಇಳಿದ ಮೇಲೆ ಹಿಟ್ಲರ್‌ಗೆ ಅಧಿಕಾರ ಸಿಕ್ಕಿತು ಎಂಬುದು ಗಮನಕ್ಕಿರಲಿ.

• 1933 ಜನವರಿ 30: ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್ ಆಗಿ ನೇಮಿಸಿದ.

• ಫೆಬ್ರವರಿ 27: ಸಂಸತ್ ಭವನಕ್ಕೆ ಬೆಂಕಿ, ಮರುದಿನವೇ ನಾಗರಿಕ ಹಕ್ಕುಗಳ ಅಮಾನತು.

• ಮಾರ್ಚ್ 23: ಸಂಸತ್ತಿನ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಕಾಯ್ದೆ, ಪರ 444, ವಿರುದ್ಧ 94. ವಿರೋಧಿಸಿದವರೆಲ್ಲ ಸೋಷಿಯಲ್ ಡೆಮಾಕ್ರಟರು.

• 1934 ಆಗಸ್ಟ್ 2: ಹಿಂಡೆನ್‌ಬರ್ಗ್ ಸಾವು, ಎರಡೂ ಹುದ್ದೆ ಒಬ್ಬನಲ್ಲೇ.

ನೇಮಿಸಿದವರು ತಾವೇ ಅವನನ್ನು ಹಿಡಿತದಲ್ಲಿಟ್ಟುಕೊಳ್ಳುತ್ತೇವೆ ಎಂದುಕೊಂಡಿದ್ದರು. ಒಂದೂವರೆ ವರ್ಷದಲ್ಲಿ ಹಿಡಿತ ಪೂರ್ತಿ ಅವನ ಕಡೆಗೇ ಹೋಯಿತು.

ಭಾರತ: ಬಾಗಿಲಿಗೆ ಹಾಕಿದ ಅಗುಳಿ

• 1949 ನವೆಂಬರ್ 25: ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಭಾಷಣ. ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು ಎಚ್ಚರಿಸಿದರು.

• ರಾಷ್ಟ್ರೀಯ ತುರ್ತು ಪರಿಸ್ಥಿತಿ, 352ನೆಯ ವಿಧಿ: ಮೂರು ಬಾರಿ ಘೋಷಣೆ, 1962, 1971, 1975.

• 1975 ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ. ಸಚಿವ ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ. ಮುಕ್ತಾಯ 1977 ಮಾರ್ಚ್ 21.

• 44ನೆಯ ತಿದ್ದುಪಡಿ, 1978: 'ಆಂತರಿಕ ಗಲಭೆ'ಯ ಜಾಗಕ್ಕೆ 'ಸಶಸ್ತ್ರ ಬಂಡಾಯ', ಸಂಪುಟದ ಲಿಖಿತ ಸಲಹೆ ಕಡ್ಡಾಯ, ಸಂಸತ್ತಿನ ಒಪ್ಪಿಗೆ ಎರಡು ತಿಂಗಳ ಬದಲು ಒಂದೇ ತಿಂಗಳೊಳಗೆ, ಅದೂ ವಿಶೇಷ ಬಹುಮತದಿಂದ, 6 ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ, 20 ಮತ್ತು 21ನೆಯ ವಿಧಿಯ ಹಕ್ಕುಗಳ ಜಾರಿಯನ್ನು ಅಮಾನತು ಮಾಡುವಂತಿಲ್ಲ, ಲೋಕಸಭೆಯ ಹತ್ತನೆಯ ಒಂದು ಭಾಗ ಸದಸ್ಯರು ವಿಶೇಷ ಅಧಿವೇಶನ ಕೇಳಬಹುದು.

ಲಿಖಿತ ಸಲಹೆಯ ನಿಯಮ ಬಂದದ್ದು ಏಕೆಂದು 1975ರ ಆ ರಾತ್ರಿಯನ್ನು ಓದಿದವರಿಗೆ ಬೇರೆ ಹೇಳಬೇಕಿಲ್ಲ. ಕಾರಣ ಮತ್ತು ತಿದ್ದುಪಡಿಯನ್ನು ಜೋಡಿಯಾಗಿ ಬರೆಯಿರಿ.

ಅಂಕ ಹೋಗುವ ಜಾಗಗಳು

• ಐಹೊಳೆ ಶಾಸನದ ಭಾಷೆ ಕನ್ನಡ ಎಂದು ಗುರುತು ಹಾಕುವುದು. ಲಿಪಿ ಕನ್ನಡ, ಭಾಷೆ ಸಂಸ್ಕೃತ.

• ಮೂರನೆಯ ಗುಹೆಯನ್ನು ಅರಸ ಮಂಗಳೇಶ ಕೊರೆಸಿದ ಎಂದು ಬರೆಯುವುದು. 578ರಲ್ಲಿ ಅರಸ ಕೀರ್ತಿವರ್ಮ.

• ಇಬ್ಬರು ಕೀರ್ತಿವರ್ಮರನ್ನು ಬೆರೆಸುವುದು: ಮೊದಲನೆಯವನು ಇಮ್ಮಡಿ ಪುಲಕೇಶಿಯ ತಂದೆ, ಎರಡನೆಯವನು ಬಾದಾಮಿಯ ಕೊನೆಯ ಅರಸ.

• ಮಂಗಳೇಶ ಗೆದ್ದ ಕಳಚುರಿ ಬುದ್ಧರಾಜನನ್ನೂ ಕಲ್ಯಾಣದ ಕಳಚುರಿ ಬಿಜ್ಜಳನನ್ನೂ ಒಂದೇ ಕಾಲದವರೆಂದು ಹೊಂದಿಸುವುದು. ನಡುವೆ ಐದೂವರೆ ಶತಮಾನ ಇದೆ.

• ಹರ್ಷನ ಸೋಲಿಗೆ ಐಹೊಳೆ ಶಾಸನ ಒಂದೇ ಆಧಾರ ಎನ್ನುವುದು. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಪುಲಕೇಶಿಯ ನಾಡು ಹರ್ಷನಿಗೆ ಮಣಿಯಲಿಲ್ಲ ಎಂದು ಬರೆದಿದ್ದಾನೆ. ಅವನು ದಖ್ಖನ್ನಿಗೆ ಬಂದದ್ದು 641ರ ಸುಮಾರಿಗೆ, ಪಲ್ಲವರು ಬಾದಾಮಿಗೆ ನುಗ್ಗುವ ಸ್ವಲ್ಪ ಮೊದಲು.